ಸಾಗವಾನಿ ಕಂಬದ ಘರಪಟ್ಟಿ

ನಮ್ಮ ಊರಿನ ಹೆಸರು ಹೇಳುವುದಿಲ್ಲ. ಆಗಿನ ಮುನಸಿಪಾಲಟಿಯ ಮೆಂಬರರ ಮೊಮ್ಮಕ್ಕಳು ಈಗಲೂ ಅಲ್ಲಿಯೇ ಇದ್ದಾರೆ. ನನ್ನ ಮನೆಯೂ ಅಲ್ಲಿಯೇ ಇದೆ. ಸೋಲಾಪುರದಿಂದ ಅಕ್ಕಲಕೋಟೆಯ ಕಡೆ ಹೊರಟ ಬಂಡಿಯವರು ಎತ್ತಿಗೆ ನೀರು ಕುಡಿಸಲು ನಿಲ್ಲುತ್ತಿದ್ದ ಊರು ಎಂದರೆ ಸಾಕು. ನಿಲ್ಲಲು ಬೇರೆ ಕಾರಣ ಯಾರಿಗೂ ಇರಲಿಲ್ಲ. ಆದರೂ ನಮ್ಮದು ಹಳ್ಳಿಯಲ್ಲ, ಪೇಟೆ. ಹಳ್ಳಿಗೂ ಪೇಟೆಗೂ ಇರುವ ವ್ಯತ್ಯಾಸವನ್ನು ನಾನು ಮದುವೆಯಾಗಿ ಬಂದ ವರ್ಷವೇ ಕಲಿತೆ. ಹಳ್ಳಿಯಲ್ಲಿ ಕೆಸರು ತುಳಿದರೆ ಕಾಲು ತೊಳೆದುಕೊಂಡರೆ ಮುಗಿಯಿತು. ಪೇಟೆಯಲ್ಲಿ ಅದೇ ಕೆಸರು ತುಳಿಯುವುದಕ್ಕೆ ಪಟ್ಟಿ, ಎಂದರೆ ತೆರಿಗೆ, ಕೊಡಬೇಕು.

ನನ್ನ ತವರು ಹೋಟಗಿ. ತಂದೆ ರೈಲ್ವೆಯ ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿದ್ದರು. ಹೆಣ್ಣುಮಗಳಿಗೆ ಸಾಲೆ ಯಾಕೆ ಎಂದು ಎಲ್ಲರೂ ಕೇಳಿದರೂ ಹಟಕ್ಕೆ ಬಿದ್ದು ನನ್ನನ್ನು ಕನ್ನಡ ಮೂರನೆಯ ಇಯತ್ತೆಯವರೆಗೆ ಓದಿಸಿದ್ದರು. ನಾನು ಸೇರಿದ ಮನೆಯಲ್ಲಿ ಆ ವಿದ್ಯೆಯಿಂದ ಏನೂ ಉಪಯೋಗವಿರಲಿಲ್ಲ. ಮನೆಗೆ ಬರುವ ಕಾಗದಗಳೆಲ್ಲ ಮರಾಠಿಯವು, ಅದೂ ಮೋಡಿ ಅಕ್ಷರದವು. ಜೋಳದ ಹೊಲದಲ್ಲಿ ಗಾಳಿ ಬೀಸಿದ ಹಾಗೆ ಒಂದೇ ಕಡೆ ಬಾಗಿದ ಆ ಬರಹವನ್ನು ಓದಬಲ್ಲವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ.

ಆ ಮನೆಯನ್ನು ನನ್ನ ಅತ್ತೆಯ ಮಾವನವರು ಕಂಬಳಿ ವ್ಯಾಪಾರ ಮಾಡಿ ಕಟ್ಟಿಸಿದ್ದರು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಪಡಸಾಲೆಯಲ್ಲಿ ಸಾಲಾಗಿ ಕಂಬಗಳು. ಅವರು ತೀರಿದ ಮೇಲೆ ಇಬ್ಬರು ಗಂಡುಮಕ್ಕಳು ಪಾಲು ಮಾಡಿಕೊಂಡರು. ಪಂಚರು ಹಗ್ಗ ಹಿಡಿದು ಮನೆಯ ನಟ್ಟನಡುವೆ ಗೋಡೆ ಎಬ್ಬಿಸಿದರು. ಮೂಡಣ ಭಾಗ ಹಿರಿಯ ಮಗನಿಗೆ, ಎಂದರೆ ನನ್ನ ಮಾವನವರಿಗೆ. ಪಡುವಣ ಭಾಗ ಅವರ ತಮ್ಮನಿಗೆ. ನಾನು ಬರುವ ಹೊತ್ತಿಗೆ ಅಣ್ಣ ತಮ್ಮ ಇಬ್ಬರೂ ಇರಲಿಲ್ಲ, ಅವರ ಹೆಂಡಂದಿರು ಇದ್ದರು. ಈ ಕಡೆ ನನ್ನ ಅತ್ತೆ, ಆ ಕಡೆ ನಾನು ಸಣ್ಣತ್ತಿ ಎಂದು ಕರೆಯುತ್ತಿದ್ದ ಅವಳ ನೆಗೆಣ್ಣಿ. ಇಬ್ಬರೂ ವಿಧವೆಯರು, ಇಬ್ಬರಿಗೂ ಅರ್ಧರ್ಧ ಮನೆ. ಮತ್ತು ತನ್ನ ಅರ್ಧವೇ ದೊಡ್ಡದು, ತನ್ನ ಅರ್ಧವೇ ಚಂದ ಎಂಬ ನಂಬಿಕೆ ಮಾತ್ರ ಇಬ್ಬರಿಗೂ ಪೂರ್ತಿ.

ನನ್ನ ಗಂಡ ಸೋಲಾಪುರದ ನವಿ ಪೇಠದಲ್ಲಿ ಅರಿವೆ ಅಂಗಡಿಯೊಂದರಲ್ಲಿ ಗಜಕಡ್ಡಿ ಹಿಡಿದು ಬಟ್ಟೆ ಅಳೆಯುವ ಕೆಲಸದಲ್ಲಿದ್ದರು. ವಾರವೆಲ್ಲ ಅಲ್ಲಿ, ರಜೆಯ ದಿನ ಇಲ್ಲಿ. ಅವರು ಮನೆಯಲ್ಲಿ ಇರದಿದ್ದಾಗ ಮನೆಯ ಯಜಮಾನಿ ನನ್ನ ಅತ್ತೆ. ಅವರು ಇದ್ದಾಗಲೂ ಅವಳೇ.

ಆ ವರ್ಷ ಮುನಸಿಪಾಲಟಿಗೆ ಊರಿನಲ್ಲಿ ಕಂದೀಲು ಕಂಬ ನಿಲ್ಲಿಸುವ ಉಮೇದು ಬಂತು. ರಾತ್ರಿ ಊರು ಬೆಳಗಬೇಕು, ಸೋಲಾಪುರದವರು ಬಂದು ಬಾಯಿ ಬಿಡಬೇಕು. ಅಧ್ಯಕ್ಷರು ಹತ್ತಿ ಅಡತಿ ಅಂಗಡಿಯ ಧಣಿ. ಅವರು ಸಂತೆಯ ದಿನ ಡಂಗುರ ಹೊಡೆಸಿ ಒಂದು ಮಾತು ಸಾರಿಸಿದರು: ಜನರ ಮೇಲೆ ಭಾರ ಹಾಕುವ ಮನಸ್ಸು ತಮಗಿಲ್ಲ, ಮನೆಗಳ ಮೇಲಿನ ಘರಪಟ್ಟಿಯ ದರವನ್ನು ರೂಪಾಯಿಗೆ ಒಂದು ಕಾಸು ಕೂಡ ಏರಿಸುವುದಿಲ್ಲ. ಜನ ಖುಷಿಪಟ್ಟರು. ಡಂಗುರದವನು ಓಣಿ ದಾಟಿದ ಮೇಲೆ ಹಿಂದಿನಿಂದ ಮೆಲ್ಲಗೆ ಇನ್ನೊಂದು ಸುದ್ದಿ ಬಂತು. ದರ ಹಾಗೆಯೇ ಇರುತ್ತದೆ. ಆದರೆ ಎಲ್ಲರ ಮನೆಯ ಬೆಲೆಯನ್ನು ಹೊಸದಾಗಿ ಕಟ್ಟುತ್ತಾರೆ.

ಕಂದೀಲುಗಳೇನೋ ಬಂದವು. ಒಂದೊಂದು ಮೆಂಬರರ ಬಾಗಿಲಿಗೆ ಒಂದೊಂದು ನಿಂತಿತು. ಹೇಗೂ ಊರಿನ ದಾರಿಗಳೆಲ್ಲ ಕೊನೆಗೆ ಮೆಂಬರರ ಬಾಗಿಲಿಗೇ ಹೋಗುತ್ತಿದ್ದವಲ್ಲ. ನಮ್ಮ ಓಣಿಗೆ ದೀಪ ಬರಲಿಲ್ಲ. ದೀಪದ ಖರ್ಚು ಮಾತ್ರ ದಾರಿ ಕೇಳದೆ ಬಂತು.

ಬೆಲೆ ಕಟ್ಟಲು ಸೋಲಾಪುರದಿಂದ ಒಬ್ಬ ಸಾಹೇಬರನ್ನು ನೇಮಿಸಿ ತಂದರು. ಬೆಲೆ ಕಟ್ಟುವ ಆ ಕೆಲಸಕ್ಕೆ ಆಕಾರಣಿ ಎನ್ನುತ್ತಿದ್ದರು, ಆಕಾರಣಿ ಸಾಹೇಬ ಎಂದು ಅವರ ಹೆಸರೇ ಆಯಿತು. ಯಾವುದೋ ಕಚೇರಿಯಿಂದ ಪೆನ್ಶನ್ ತೆಗೆದುಕೊಂಡವರು. ಕರಿ ಕೋಟು, ಕೆಂಪು ಪಗಡಿ, ಬಿಸಿಲಿರಲಿ ಇಲ್ಲದಿರಲಿ ತಲೆಯ ಮೇಲೆ ಛತ್ರಿ. ಅಳತೆಯ ಟೇಪು ಹಿಡಿಯಲು ಹಿಂದೆ ಒಬ್ಬ ಶಿಪಾಯಿ. ಅವರು ಯಾವ ಓಣಿಗೆ ಯಾವತ್ತು ಬರುತ್ತಾರೆ ಎಂಬುದು ಬಹಳ ಗುಟ್ಟಿನ ಸಂಗತಿ. ಆ ಗುಟ್ಟನ್ನು ಶಿಪಾಯಿ ಎರಡು ಎಲೆ, ಒಂದು ಅಡಿಕೆಗೆ ಕೇಳಿದವರಿಗೆಲ್ಲ ಹೇಳುತ್ತಿದ್ದ.

ಆ ಎಂಟು ದಿನ ನಮ್ಮ ಊರು ಕಂಡ ಬಡತನವನ್ನು ಯಾವ ಬರಗಾಲವೂ ತಂದಿರಲಿಲ್ಲ. ಇದ್ದವರ ಮನೆಯ ತಾಮ್ರದ ಹಂಡೆಗಳು ಹುಲ್ಲಿನ ಬಣವೆ ಸೇರಿದವು. ಬಾಗಿಲಿಗೆ ಹಚ್ಚಿದ ಬಣ್ಣವನ್ನು ಇಟ್ಟಿಗೆ ಚೂರಿನಿಂದ ಕೆರೆದರು. ಪಡುವಣ ಕಡೆ ನಮ್ಮ ಸಣ್ಣತ್ತಿ ತವರಿನಿಂದ ಹನ್ನೆರಡು ಕುರಿ ತರಿಸಿ ಪಡಸಾಲೆಯಲ್ಲಿ ಕೂಡಿಹಾಕಿದಳು. ಮಾಳಿಗೆ ಸೋರುತ್ತದೆ ಎಂದು ತೋರಿಸಲು ನಾಲ್ಕು ಕೊಡ ನೀರನ್ನು ತಾನೇ ಸುರಿದು, ಅದರ ಕೆಳಗೆ ಮಡಕೆ ಇಟ್ಟಳು. ನಡುಗೋಡೆಯ ಈಚೆಗೆ ಕುರಿ ಅರಚುವುದೂ ಕೇಳುತ್ತಿತ್ತು, ಅವಳು ಕುರಿಗಳನ್ನು ಬಯ್ಯುವುದೂ ಕೇಳುತ್ತಿತ್ತು.

ನನ್ನ ಅತ್ತೆ ಮಾತ್ರ ಸುಣ್ಣ ಹಚ್ಚಿಸಿದಳು.

"ಅತ್ತಿ, ಎಲ್ಲಾರೂ ಮನಿ ಹೊಲಸ ಮಾಡಾಕತ್ತಾರ. ನಾವು ಸುಣ್ಣ ಹಚ್ಚೂದು ಯಾಕ?" ಎಂದು ಕೇಳಿದೆ.

"ಮಂದಿಗೆ ಮಾನ ಇಲ್ಲ ಅಂದ್ರ ನಾವೂ ಬಿಡೂದೇನು? ಸರಕಾರದ ಮನಶ್ಯಾ ಬರ್ತಾನ. ಮಾಳಿಂಗರಾಯನ ಮನಿ ಒಕ್ಕಲಾ ನಾವು. ಕುರಿ ನಡುವ ಕೂಡಿಸಿ ಕಳಸೂನೇನು?" ಎಂದಳು. ವರ್ಷಕ್ಕೊಮ್ಮೆ ಹುಲಜಂತಿಗೆ ಹೋಗಿ ಮನೆದೇವರಾದ ಮಾಳಿಂಗರಾಯನಿಗೆ ಅರಿಶಿನದ ಭಂಡಾರ ಹಾರಿಸಿ ಬರುವವಳು ಅವಳು. ಕುರಿಗಳ ಮೇಲೆ ಅವಳಿಗೆ ಕೋಪವಿರಲಿಲ್ಲ. ಕೋಪ ಇದ್ದದ್ದು ಗೋಡೆಯಾಚೆಯ ಕುರಿಗಳ ಮೇಲೆ.

ಸಾಹೇಬರು ಬಂದರು. ಸಣ್ಣತ್ತಿಯ ಮನೆಯನ್ನು ಹೊಸ್ತಿಲ ಹೊರಗೆ ನಿಂತೇ, ಮೂಗಿಗೆ ವಸ್ತ್ರ ಹಿಡಿದು ಬರೆದು ಮುಗಿಸಿದರು. ನಮ್ಮಲ್ಲಿ ಒಳಗೆ ಬಂದು ಕುಳಿತರು. ಅತ್ತೆ ಅವರಿಗೆ ಚಹಾ ಮಾಡಿಸಿದಳು. ಆಗ ಚಹಾ ನಮ್ಮ ಮನೆಯಲ್ಲಿ ಜ್ವರ ಬಂದವರಿಗೆ ಮಾತ್ರ. ಅದನ್ನು ಕುಡಿದು ಮುಗಿಸಿ ಸಾಹೇಬರು ಕಂಬಕ್ಕೆ ಬೆರಳಿನಿಂದ ಬಡಿದು ಕೇಳಿದರು:

"ಬಾಯಿ, ಹಾ ಖಾಂಬ ಕಸಲ್ಯಾ ಲಾಕಡಾಚಾ? ಯಾವ ಕಟ್ಟಿಗಿ?"

ನಡುಗೋಡೆಯ ಆಚೆ ಕುರಿಗಳ ಸದ್ದು ನಿಂತಿತ್ತು. ಸಣ್ಣತ್ತಿ ಗೋಡೆಗೆ ಕಿವಿ ಹಚ್ಚಿ ನಿಂತಿದ್ದಾಳೆ ಎಂಬುದು ನನಗೂ ಗೊತ್ತಾಯಿತು, ಅತ್ತೆಗೂ ಗೊತ್ತಾಯಿತು.

"ಸಾಗವಾನಿ ರೀ ಸಾಹೇಬ್ರ," ಎಂದಳು ಅತ್ತೆ, ಗೋಡೆಗೂ ಕೇಳುವ ಹಾಗೆ. "ನಮ್ಮ ಮಾವಾರು ದೂರಿಂದ ಬಂಡಿ ಮ್ಯಾಲ ತರಿಸಿದ್ರು."

ಸಾಹೇಬರು ಬರೆದುಕೊಂಡರು. ನಾನು ತಲೆ ತಗ್ಗಿಸಿ ಚಹಾದ ಬಟ್ಟಲು ಎತ್ತಿದೆ. ಆ ಕಂಬಗಳು ಬೇವಿನವು. ವರ್ಷ ವರ್ಷ ಕುಸುಬಿ ಎಣ್ಣೆ ಕುಡಿಸಿ ಕುಡಿಸಿ ಅವಕ್ಕೆ ಆ ಬಣ್ಣ ಬಂದಿತ್ತು. ಎಣ್ಣೆ ಹಚ್ಚುತ್ತಿದ್ದವಳು ನಾನೇ.

"ಇದನ್ನ ಕಟ್ಟಾಕ ಏನೇನ ಖರ್ಚಾತು ಹೇಳ್ಲೇನ್ರಿ?" ಎಂದು ಅತ್ತೆ ಮುಂದುವರಿಸಿದಳು.

"ಖರ್ಚಿನ ಲೆಕ್ಕ ಮುನಸಿಪಾಲಟಿಗೆ ಬ್ಯಾಡ ಬಾಯಿ," ಎಂದರು ಸಾಹೇಬರು. "ಈ ಮನಿ ಬಾಡಿಗಿಗೆ ಕೊಟ್ರ ತಿಂಗಳಾ ಎಷ್ಟು ಬರ್ತದ, ಅಷ್ಟ ನೋಡೂದು. ಅದರ ಮ್ಯಾಲ ಪಟ್ಟಿ."

"ನಾವು ಬಾಡಿಗಿಗೆ ಕೊಡೂ ಮಂದಿ ಅಲ್ರಿ."

"ಕೊಟ್ರ ಅಂತ ತಿಳ್ಕೊಳ್ಳೂದು."

ಇದನ್ನು ಅತ್ತೆ ಬಹಳ ಹೊತ್ತು ಯೋಚಿಸಿದಳು. ಇಲ್ಲದ ಬಾಡಿಗೆದಾರ ಕೊಡದ ಬಾಡಿಗೆಯ ಮೇಲೆ ಇರುವ ನಾವು ದುಡ್ಡು ಕೊಡಬೇಕು ಎಂಬುದು ಅವಳಿಗೆ ಆ ದಿನ ಪೂರ್ತಿ ತಿಳಿಯಲಿಲ್ಲ. ಸಾಹೇಬರು ಎದ್ದು ಹೋಗುವಾಗ "ಮನಿ ಛಲೋ ಇಟ್ಟೀರಿ" ಎಂದಿದ್ದರು. ಅಷ್ಟಕ್ಕೇ ಅವಳು ತೃಪ್ತಳಾಗಿದ್ದಳು.

ತಿಂಗಳೊಪ್ಪತ್ತಿನಲ್ಲಿ ಮುನಸಿಪಾಲಟಿಯ ಕಟ್ಟೆಯ ಮೇಲೆ ಯಾದಿ ಅಂಟಿಸಿದರು. ಯಾರ ಮನೆಗೆ ಎಷ್ಟು ಬಾಡಿಗೆ ಹಿಡಿದಿದ್ದಾರೆ ಎಂಬುದು ಊರಿಗೆಲ್ಲ ಕಾಣಲೆಂದು. ಕಚೇರಿಯ ಕಾರಕೂನ ಓದಿ ಹೇಳಲು ಒಂದು ದುಡ್ಡು ತೆಗೆದುಕೊಳ್ಳುತ್ತಿದ್ದ. ತಮ್ಮ ಮನೆಯದು ಒಂದನ್ನೇ ಓದಿಸಿಕೊಂಡು ಹೋದವರನ್ನು ನಾನು ನೋಡಲಿಲ್ಲ. ತಮ್ಮದಕ್ಕೆ ಒಂದು ದುಡ್ಡು, ನೆರೆಮನೆಯದಕ್ಕೆ ಎರಡು ದುಡ್ಡು ಕೊಡಲೂ ತಯಾರಿದ್ದರು. ನಮ್ಮ ಮನೆಗೆ ತಿಂಗಳಿಗೆ ಎಂಟು ರೂಪಾಯಿ ಬಾಡಿಗೆ ಬಂದೀತು ಎಂದು ಬರೆದಿದ್ದರು. ಸಣ್ಣತ್ತಿಯ ಮನೆಗೆ ಮೂರು. ಅಧ್ಯಕ್ಷರ ಮೂರು ಅಂಗಳದ ದೊಡ್ಡ ವಾಡೆಗೆ ಐದು.

ಅಧ್ಯಕ್ಷರ ವಾಡೆಗೆ ಐದೇ ಯಾಕೆ ಎಂದು ಯಾರೋ ಕೇಳಿದರಂತೆ. ಕಾರಕೂನ ಕಾಯಿದೆ ತಿಳಿಸಿ ಹೇಳಿದ: ಅಷ್ಟು ದೊಡ್ಡ ವಾಡೆಯನ್ನು ಬಾಡಿಗೆಗೆ ಹಿಡಿಯುವ ತಾಕತ್ತಿನವರು ಈ ಊರಲ್ಲಿ ಯಾರಿದ್ದಾರೆ? ಯಾರೂ ಇಲ್ಲ. ಹಿಡಿಯುವವರೇ ಇಲ್ಲದ ಮೇಲೆ ಬಾಡಿಗೆ ಎಲ್ಲಿಂದ ಬರಬೇಕು? ಐದು ರೂಪಾಯಿ ಬರೆಸಿಕೊಂಡದ್ದೇ ಅಧ್ಯಕ್ಷರ ದೊಡ್ಡ ಮನಸ್ಸು. ಕೇಳಿದವನು ಕೈ ಮುಗಿದು ಮನೆಗೆ ಹೋದನಂತೆ.

ಮೂರು ದಿನ ನನ್ನ ಅತ್ತೆಯ ಕಾಲು ನೆಲದ ಮೇಲಿರಲಿಲ್ಲ. ಓಣಿಗೆಲ್ಲ ಅವಳ ಮನೆಯೇ ಮೇಲು, ಅದೂ ಸರಕಾರದ ಕಾಗದದಲ್ಲಿ. ನೀರಿಗೆ ಹೋದಾಗ ಬಾವಿಯ ಕಟ್ಟೆಯ ಮೇಲೆ ಕೊಡ ಇಟ್ಟು, ಯಾರೂ ಕೇಳದಿದ್ದರೂ, "ನಮಗ ಎಂಟ ಹಿಡದಾರ ನೋಡ್ರಿ. ಬಾಜೂದವರಿಗೆ ಮೂರಂತ. ಒಂದs ಮನಿ ಹೌದು, ಆದ್ರ ಇಡೂದರ ಮ್ಯಾಲ ಇರ್ತದ," ಎನ್ನುತ್ತಿದ್ದಳು. ಮೂರು ರೂಪಾಯಿಯವರಿಗೂ ಚಿಂತೆ ಹತ್ತಿತು. ಹೆಣ್ಣು ಕೊಡುವವರು ಈಗ ಯಾದಿ ಓದಿಸಿಕೊಂಡು ಬೀಗತನಕ್ಕೆ ಬರುತ್ತಿದ್ದರು. ಮಗನಿಗೆ ಹೆಣ್ಣು ನೋಡುತ್ತಿದ್ದ ಒಬ್ಬರು, ತಮ್ಮ ಮನೆ ಇಷ್ಟು ಕಡಿಮೆಯದಲ್ಲ ಎಂದು ಅರ್ಜಿ ಕೊಡಲು ಹೋದಾಗ, ಅವರ ಹೆಂಡತಿ ಕೈ ಹಿಡಿದು ಎಳೆದುಕೊಂಡು ಬಂದಳು.

ನಾಲ್ಕನೆಯ ದಿನ ಶಿಪಾಯಿ, ಸಾಹೇಬರು ಮನೆ ನೋಡಿ ಬರೆದ ಕಾಗದದ ನಕಲನ್ನೂ ಪಟ್ಟಿಯ ಬಿಲ್ಲನ್ನೂ ತಂದು ಕೊಟ್ಟ. ಹೋದ ವರ್ಷದ ಎರಡರಷ್ಟಕ್ಕಿಂತ ಹೆಚ್ಚು. ಅತ್ತೆ ಅಂಗಳದಲ್ಲಿ ಕುಳಿತುಬಿಟ್ಟಳು.

"ದರಾ ಏರಸೂದಿಲ್ಲ ಅಂದಿದ್ರಲ್ಲೋ?" ಎಂದು ಕೇಳಿದಳು.

"ದರಾ ಏರಿಲ್ರಿ ಆಯಿ. ನಿಮ್ಮ ಮನಿ ಏರ್ಯಾದ," ಎಂದ ಶಿಪಾಯಿ, ಮತ್ತು ಎಲೆ ಅಡಿಕೆ ಸಿಗುವ ಲಕ್ಷಣ ಕಾಣದೆ ಹೊರಟುಹೋದ.

ರಜೆಯ ದಿನ ನನ್ನ ಗಂಡ ಬಂದರು. ಸಂಗತಿ ಕೇಳಿ "ಕೊಟ್ಟು ಬಿಡೋಣ" ಎಂದರು. ಅವರ ಧೈರ್ಯ ಯಾವಾಗಲೂ ಅಷ್ಟೇ ಉದ್ದ. ಅತ್ತೆ ಕಣ್ಣು ಬಿಟ್ಟದ್ದು ನೋಡಿ, ಏನಾದರೂ ಮಾಡಬೇಕೆಂದು, ಅಂಗಡಿಯಿಂದ ತಂದಿದ್ದ ಗಜಕಡ್ಡಿ ತೆಗೆದುಕೊಂಡು ಮನೆ ಅಳೆಯತೊಡಗಿದರು. ಸಾಹೇಬರು ದನದ ಗೋದಲಿಯನ್ನೂ ಒಂದು ಖೋಲಿ ಎಂದು ಹಿಡಿದದ್ದು ಸಿಕ್ಕಿತು. ಅಲ್ಲಿಗೆ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಅಳೆಯುವ ಕೈ ಕೇಳಲಿಲ್ಲ. ಹೊರಗೆ ಹೋಗಿ ಸಣ್ಣತ್ತಿಯ ಭಾಗದ ಗೋಡೆಯನ್ನೂ ಅಳೆದರು. ಪಡುವಣ ಭಾಗ ನಮ್ಮದಕ್ಕಿಂತ ಒಂದು ಗೇಣು ಹೆಚ್ಚು ಬಂತು.

"ಇನ್ನೊಮ್ಮಿ ಅಳಿ," ಎಂದಳು ಅತ್ತೆ. ಇನ್ನೊಮ್ಮೆ ಅಳೆದರು. ಅದೇ ಗೇಣು. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಪಟ್ಟಿ ಎರಡರಷ್ಟಾದಾಗಲೂ ಅವಳು ಊಟ ಬಿಟ್ಟಿರಲಿಲ್ಲ.

ತಕರಾರು ಇದ್ದವರು ಅರ್ಜಿ ಕೊಡಬೇಕು, ಕಮಿಟಿ ಕುಳಿತು ಕೇಳುತ್ತದೆ ಎಂದು ಹೇಳಿದರು. ಕಚೇರಿಯ ಮುಂದೆ ಹುಣಸೆ ಮರದ ಕೆಳಗೆ ಅರ್ಜಿ ಬರೆಯುವವನೊಬ್ಬ ಕುಳಿತಿರುತ್ತಿದ್ದ. ಅವನು ಅತ್ತೆಯ ಮಾತು ಅರ್ಧವೂ ಕೇಳದೆ ಸರಸರ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ಮಸಿ ಒಣಗಿಸಿ ಕೊಟ್ಟ.

ಕಮಿಟಿ ಕೂಡುವ ದಿನ ಅತ್ತೆ ನನ್ನನ್ನೂ ಕರೆದುಕೊಂಡು ಹೋದಳು. ಮೇಜಿನ ಹಿಂದೆ ಅಧ್ಯಕ್ಷರು, ಅವರ ಎರಡೂ ಕಡೆ ಮೆಂಬರರು, ಒಂದು ಮೂಲೆಯಲ್ಲಿ ಆಕಾರಣಿ ಸಾಹೇಬರು. ಬಾಗಿಲ ಬಳಿ ಅರ್ಧ ಓಣಿ ಸೇರಿತ್ತು. ಅವರ ನಡುವೆ ಸೆರಗು ಮರೆಮಾಡಿ ಸಣ್ಣತ್ತಿಯೂ ಇದ್ದಳು. ಅವಳಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ, ಅದಕ್ಕೇ ಎಲ್ಲರಿಗಿಂತ ಮೊದಲೇ ಬಂದಿದ್ದಳು.

ಕಾರಕೂನ ಅರ್ಜಿಯನ್ನು ಮರಾಠಿಯಲ್ಲಿ ಓದಿದ. ಸಂತೆ ಮಾಡಿ ಮಾಡಿ ಅತ್ತೆಗೆ ಮರಾಠಿ ಚೆನ್ನಾಗಿಯೇ ತಿಳಿಯುತ್ತಿತ್ತು. 'ನಾನು ಅನಾಥ ವಿಧವೆ. ನನ್ನ ಮನೆ ಬಿದ್ದು ಹೋಗಿದೆ. ಗೋಡೆಗಳಿಗೆ ಹಾವು ಚೇಳು ಸೇರಿವೆ. ಮಾಳಿಗೆ ಯಾವ ದಿನ ತಲೆಯ ಮೇಲೆ ಕುಸಿಯುವುದೋ ದೇವರೇ ಬಲ್ಲ. ಇಂಥ ಹಾಳು ಮನೆಯಲ್ಲಿ...'

"ನಿಂದರ್ಸೋ!" ಎಂದಳು ಅತ್ತೆ. "ಯಾರ ಮನಿ ಬಿದ್ದದ?"

ಕಾರಕೂನ ಕಾಗದ ತಿರುಗಿಸಿ ನೋಡಿದ. "ನಿಮ್ಮದs ಅದ ರೀ ಆಯಿ. ನಿಮ್ಮ ಹೆಬ್ಬೆಟ್ಟು."

"ನಾ ಹಂಗ ಹೇಳಿಲ್ಲ. ನನ್ನ ಮನ್ಯಾಗ ಚೇಳು ಇಲ್ಲ, ಹಾವು ಇಲ್ಲ. ಬಂದು ನೋಡ್ರಿ ಬೇಕಾದ್ರ. ಹಾವು ಚೇಳು ಬಾಜೂಕ ಇರಬೇಕು."

ಬಾಗಿಲ ಬಳಿ ನಗೆ ಎದ್ದಿತು. ಅಧ್ಯಕ್ಷರು ಮೇಜು ಬಡಿದರು. "ಬಾಯಿ, ಹಂಗಾದ್ರ ಮನಿ ಛಲೋ ಅದ ಅಂದಂಗಾತು?"

"ಛಲೋ ಅದ ರೀ."

"ಸಾಹೇಬ್ರು ಕಂಬ ಸಾಗವಾನಿ ಅಂತ ಬರದಾರ. ನೀವ ಹೇಳೀರಿ ಅಂತ. ದೇವರ ಆಣಿ ಮಾಡಿ ಹೇಳ್ರಿ, ಸಾಗವಾನಿ ಹೌದೋ ಅಲ್ಲೋ?"

ಅಲ್ಲ ಎಂದರೆ ಪಟ್ಟಿ ಇಳಿಯುತ್ತಿತ್ತು, ಸಣ್ಣತ್ತಿಯ ಎದುರಿಗೆ ಮಾನ ಇಳಿಯುತ್ತಿತ್ತು. ಹೌದು ಎನ್ನಲು ಮಾಳಿಂಗರಾಯನ ಹೆದರಿಕೆ. ಅತ್ತೆಯ ಕೈ ನನ್ನ ಕೈ ಹಿಡಿದಿತ್ತು. ಕೊನೆಗೆ ಅವಳು ತಲೆ ಎತ್ತಿ ಬೇರೆಯೇ ಮಾತು ಆಡಿದಳು.

"ಕಂಬದ ಮಾತು ಇರ್ಲಿ ರೀ. ಎಂಟು ರೂಪಾಯಿ ಬಾಡಿಗಿ ಬರ್ತದ ಅಂತ ಬರದೀರಿ. ಯಾರು ಕೊಡ್ತಾರ? ಅವನ್ನ ತೋರಸ್ರಿ. ನಿಮಗ ಅಷ್ಟು ಖಾತ್ರಿ ಇದ್ರ ನೀವs ಹಿಡೀರಿ. ಎಂಟು ಕೊಡ್ರಿ, ನಿಮ್ಮ ಪಟ್ಟಿ ಅದರಾಗ ಮುರಕೋರಿ."

ಬಾಗಿಲಲ್ಲಿ ಯಾರೋ "ಭಲೇ!" ಎಂದರು. ಆಗ ಕಾರಕೂನ ಬಾಗಿ ಅಧ್ಯಕ್ಷರ ಕಿವಿಯಲ್ಲಿ ಏನೋ ಹೇಳಿದ. ಮುನಸಿಪಾಲಟಿಯ ಹೆಣ್ಣುಮಕ್ಕಳ ಸಾಲೆ ಆಗ ನಡೆಯುತ್ತಿದ್ದದ್ದು ಕೊಂಡವಾಡದಲ್ಲಿ, ಎಂದರೆ ಬಿಡಾಡಿ ದನಗಳನ್ನು ಕೂಡಿಹಾಕುವ ಛಪ್ಪರದ ಒಂದು ಮಗ್ಗುಲಲ್ಲಿ. ತಪಾಸಣೆಗೆ ಬಂದ ದೊಡ್ಡ ಸಾಹೇಬನೊಬ್ಬನು ಒಂದು ಎಮ್ಮೆ ಹುಡುಗಿಯರ ಜೊತೆ ಮಗ್ಗಿಯ ಪಾಢೆ ಕೇಳುತ್ತ ನಿಂತದ್ದನ್ನು ಕಂಡು, ಸಾಲೆಗೆ ಬೇಗ ಮನೆ ನೋಡಿ ಎಂದು ಬರೆದು ಹೋಗಿದ್ದ.

ಅಧ್ಯಕ್ಷರ ಮುಖ ಅರಳಿತು. "ಬಾಯಿ, ಒಪ್ಪಿದ್ವಿ. ನಿಮ್ಮ ಪಡಸಾಲಿ, ಅದರ ಹಿಂದಿನ ಎರಡು ಖೋಲಿ ಸಾಲಿಗೆ ಹಿಡೀತೀವಿ. ಬಾಡಿಗಿ ಎಷ್ಟು ಅಂತ ಸಾಹೇಬ್ರು ಬಂದು ನೋಡಿ ಬರೀತಾರ."

ಅತ್ತೆ ಅಲ್ಲಿಂದ ಮನೆಗೆ ಬಂದದ್ದು ಗೆದ್ದವಳ ಹಾಗೆ. ಮಾತು ಅರ್ಥವಾದದ್ದು ಮರುದಿನ, ಸಾಹೇಬರು ಛತ್ರಿ ಹಿಡಿದು ಮತ್ತೆ ಬಂದಾಗ. ಈ ಸಲ ಚಹಾ ಕೊಟ್ಟರೂ ಕುಡಿಯಲಿಲ್ಲ. ಅದೇ ಕಂಬಕ್ಕೆ ಅದೇ ಬೆರಳಿನಿಂದ ಬಡಿದು, ಯಾರನ್ನೂ ಕೇಳದೆ, "ಬೇವು" ಎಂದು ಬರೆದುಕೊಂಡರು. ಗೋಡೆ ಹಳೆಯದು, ಬೆಳಕು ಸಾಲದು, ನೆಲ ತಗ್ಗು. ಗೋದಲಿ ಖೋಲಿಯಲ್ಲ, ಗೋದಲಿ. ಬಾಡಿಗೆ ತಿಂಗಳಿಗೆ ನಾಲ್ಕು ರೂಪಾಯಿ. ಇಡೀ ಮನೆಗೆ ಹಿಡಿದರೂ ಅಷ್ಟೇ ಆಗುತ್ತಿತ್ತು ಎಂದು ಕೆಳಗೆ ಒಂದು ಸಾಲು ಸೇರಿಸಿ, ಸಹಿ ಮಾಡಿ, ಒಂದು ನಕಲು ಅತ್ತೆಯ ಕೈಗೆ ಕೊಟ್ಟರು. ಆ ಸಾಲು ನಮಗೆ ಆಗ ಗೊತ್ತಾಗಲಿಲ್ಲ. ಎರಡನೆಯ ಕಾಗದವೂ ಮೊದಲನೆಯದರಂತೆ ಗಾಳಿಗೆ ಬಾಗಿದ ಜೋಳವೇ.

"ನಾಲ್ಕ?" ಎಂದಳು ಅತ್ತೆ. "ಮನ್ನೆ ಎಂಟ ಅಂದಿದ್ರಲ್ರಿ!"

"ಅದು ಪಟ್ಟಿ ಹಾಕೂ ಲೆಕ್ಕ. ಇದು ಬಾಡಿಗಿ ಕೊಡೂ ಲೆಕ್ಕ," ಎಂದು ಅವರು ಹೊರಟರು.

ಬೇಡ ಎನ್ನಲು ಅತ್ತೆಗೆ ಹೊತ್ತೇ ಸಿಗಲಿಲ್ಲ. ಸೋಮವಾರ ಬೆಳಿಗ್ಗೆ ಮೂವತ್ತು ಹುಡುಗಿಯರು, ಒಂದು ಕರಿಹಲಗೆ, ಒಂದು ಕಾಲು ಮುರಿದ ಖುರ್ಚಿ, ಹಿಂದೆ ಅವರ ಮಾಸ್ತರಬಾಯಿ. ಬಾಯಿ ಎಳೆ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು, ಸಾತಾರದ ಕಡೆಯವರು, ಕನ್ನಡ ಒಂದಕ್ಷರ ಬಾರದು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಅತ್ತೆಯ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಅಷ್ಟರಲ್ಲಿ ಶಿಪಾಯಿ ಬಾಗಿಲ ಮೇಲೆ ಸಾಲೆಯ ಬೋರ್ಡು ಹೊಡೆಯುತ್ತಿದ್ದ. ಸಣ್ಣತ್ತಿ ಹೊರಗೆ ಬಂದು ಬೋರ್ಡು ನೋಡಿದಳು. ಅವಳು ನೋಡಿದ್ದನ್ನು ನೋಡಿ ಅತ್ತೆ, "ಇರ್ಲಿ ಬಿಡು, ವಿದ್ಯಾದಾನ," ಎಂದಳು.

ನಾವಿಬ್ಬರೂ ಅಡುಗೆಮನೆ ಮತ್ತು ದೇವರ ಖೋಲಿಗೆ ಸರಿದೆವು. ನಡುವೆ ಒಂದು ಬಾಗಿಲು. ಆ ಬಾಗಿಲ ಹಿಂದೆ ನಾನು ಜೋಳ ಹಸನು ಮಾಡುತ್ತ, ಶೇಂಗಾ ಸುಲಿಯುತ್ತ ಕೂತು ಮರಾಠಿ ಒಂದನೆಯ ಇಯತ್ತೆ ಮುಗಿಸಿದೆ. ಬಾಯಿಗೆ ಗೊತ್ತಾಗಿ ಒಂದು ದಿನ ಬಾಗಿಲು ತೆರೆದು ನನಗೂ ಬರೆಯಲು ಒಂದು ಪಾಟಿ ಕೊಟ್ಟರು. ಅತ್ತೆ ಏನಾದರೂ ಅಂದಾಳೆಂದು ಹೆದರಿದೆ. ಅವಳು ಅಂದದ್ದು ಇಷ್ಟೇ: "ಬಾಡಿಗಿ ಅಂತೂ ಪೂರಾ ಕೊಡೂದಿಲ್ಲ. ವಿದ್ಯಾ ಆದ್ರೂ ವಸೂಲ ಮಾಡು."

ಎರಡನೆಯ ವರ್ಷ ಬಾಯಿ ದೊಡ್ಡ ಹುಡುಗಿಯರಿಗೆ ಮೋಡಿ ಕಲಿಸತೊಡಗಿದರು. ನಾನೂ ಕಲಿತೆ. ಓದಲು ಬೇರೆ ಕಾಗದ ಇರಲಿಲ್ಲವಾದ್ದರಿಂದ ಅತ್ತೆಯ ಟ್ರಂಕಿನಲ್ಲಿದ್ದ ಎರಡು ಕಾಗದಗಳನ್ನೇ ತೆಗೆದು ಅಕ್ಷರ ಕೂಡಿಸಿ ಓದಿದೆ. ಒಂದರಲ್ಲಿ: ಕಂಬ, ಸಾಗವಾನಿ, ಮನೆ ಉತ್ತಮ, ಇಡೀ ಮನೆಗೆ ಬಾಡಿಗೆ ಎಂಟು. ಇನ್ನೊಂದರಲ್ಲಿ: ಕಂಬ, ಬೇವು, ಮನೆ ಹಳೆಯದು, ಇಡೀ ಮನೆಗಾದರೂ ನಾಲ್ಕು. ಎರಡರ ಕೆಳಗೂ ಒಂದೇ ಸಹಿ. ಮೂರು ಸಲ ಓದಿದೆ. ನನ್ನ ಓದಿನ ಮೇಲೆ ನನಗೇ ನಂಬಿಕೆ ಬರಲಿಲ್ಲ, ಬಾಯಿಗೆ ತೋರಿಸಿದೆ. ಅವರು ಓದಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಗಂಭೀರವಾಗಿ, ನೀನು ಓದಿದ್ದು ಸರಿ, ಆದರೆ ಈ ಮಾತು ನಾನು ಹೇಳಿದೆ ಎಂದು ಎಲ್ಲಿಯೂ ಹೇಳಬೇಡ, ನನ್ನ ಪಗಾರ ಕೊಡುವವರೂ ಅವರೇ ಎಂದರು.

ಅರ್ಜಿಯನ್ನು ನಾನೇ ಬರೆದೆ. ಅನಾಥ, ವಿಧವೆ, ಹಾವು, ಚೇಳು ಯಾವುದೂ ಹಾಕಲಿಲ್ಲ. ಒಂದೇ ಮನೆ, ಒಂದೇ ಸಹಿ, ಎರಡು ಬೆಲೆ. ಯಾವುದು ನಿಜವೋ ತಿಳಿಸಬೇಕು, ನಿಜವಾದದ್ದರ ಮೇಲೆ ಪಟ್ಟಿಯನ್ನೂ ಹಾಕಬೇಕು, ಬಾಡಿಗೆಯನ್ನೂ ಕೊಡಬೇಕು. ಇಷ್ಟೇ ನಾಲ್ಕು ಸಾಲು. ನನ್ನ ಗಂಡ ಓದಿಸಿಕೊಂಡು ಬೆವರಿದರು. "ಸಾಹೇಬ್ರಿಗೆ ಸಿಟ್ಟು ಬಂದ್ರ?" ಎಂದರು. "ಬಂದ್ರ ಏನು, ಮತ್ತೊಮ್ಮಿ ಅಳೀತಾರ," ಎಂದಳು ಅತ್ತೆ.

ಕಮಿಟಿ ಮತ್ತೆ ಕೂಡಿತು. ಈ ಸಲ ಸಣ್ಣತ್ತಿಗೂ ನೋಟೀಸು ಹೋಗಿತ್ತು. ಮನೆ ಒಂದೇ ಎಂದು ಅರ್ಜಿಯಲ್ಲಿ ಬರೆದದ್ದಕ್ಕೆ, ಹಾಗಾದರೆ ಎರಡೂ ಭಾಗ ನೋಡೋಣ ಎಂದು ಅವಳನ್ನೂ ಕರೆಸಿದ್ದರು. ಅವಳು ಉರಿಯುತ್ತ ಬಂದು ನಮ್ಮಿಂದ ಎರಡು ಮಾರು ದೂರ ನಿಂತಳು.

ಅಧ್ಯಕ್ಷರು ಎರಡೂ ಕಾಗದ ನೋಡಿದರು. ಸಾಹೇಬರನ್ನು ನೋಡಿದರು. ಸಾಹೇಬರು ತೊಲೆ ನೋಡಿದರು.

"ಪಟ್ಟಿಗೆ ಒಂದು ದೃಷ್ಟಿ ಇರ್ತದ ರೀ, ಬಾಡಿಗಿಗೆ ಒಂದು ದೃಷ್ಟಿ..." ಎಂದು ಸಾಹೇಬರು ಸುರುಮಾಡಿದರು.

"ಕಂಬ ಒಂದs ಅದ ಅಲ್ರಿ ಸಾಹೇಬ್ರ," ಎಂದೆ ನಾನು. ಅಷ್ಟು ಮಂದಿ ಗಂಡಸರ ನಡುವೆ ನಾನು ಆಡಿದ ಮೊದಲ ಮಾತು ಅದು.

ಅಧ್ಯಕ್ಷರು ಅತ್ತೆಯ ಕಡೆ ತಿರುಗಿದರು. "ಬಾಯಿ, ಒಂದ ಮಾತು. ಸಾಗವಾನಿಯೋ, ಬೇವೋ?"

ಅತ್ತೆ ಬಾಯಿ ತೆರೆಯುವ ಮೊದಲೇ ಎರಡು ಮಾರು ದೂರದಿಂದ ಸಣ್ಣತ್ತಿ ಮಾತಾಡಿದಳು.

"ಅಕೀನ್ನ ಏನ ಕೇಳ್ತೀರಿ? ನಾ ಹೇಳ್ತೀನಿ. ಬೇವು. ಎರಡೂ ಕಡೀವು ಬೇವ. ಅಲ್ಲೇ ಹಿತ್ತಲದಾಗ ಒಂದು ದೊಡ್ಡ ಬೇವಿನ ಮರ ಇತ್ತು, ನಮ್ಮ ಮಾವಾರು ಕಡಿಸಿ ಕಂಬ ಮಾಡಿಸ್ಯಾರ. ನಾವಿಬ್ರೂ ಹೊಸದಾಗಿ ಗಂಡನ ಮನಿಗೆ ನಡೀಲಾಕ ಬಂದಿದ್ವಿ. ಬಡಿಗ್ಯಾರಿಗೆ ಬುತ್ತಿ ಕಟ್ಟಿದವರು ನಾವs. ಅಲ್ಲೇನ ಅಕ್ಕಾ?"

ಹನ್ನೆರಡು ವರ್ಷದಲ್ಲಿ ಅವಳು ನನ್ನ ಅತ್ತೆಯನ್ನು ಅಕ್ಕ ಎಂದು ಕರೆದದ್ದು ನಾನು ಕೇಳಿದ್ದು ಅದೇ ಮೊದಲು. ಅತ್ತೆ ನೆಲ ನೋಡಿದಳು.

"ಹೌದ ರೀ," ಎಂದಳು. "ಬೇವು. ಆದ್ರ ಬುತ್ತಿ ಕಟ್ಟಿದಾಕಿ ನಾನು. ಅಕಿ ಆಗ ತವರಿಗೆ ಹೋಗಿದ್ಲು."

"ಹೋಗಿದ್ದಿಲ್ಲ!" ಎಂದಳು ಸಣ್ಣತ್ತಿ.

ಅಧ್ಯಕ್ಷರು ಮೇಜು ಬಡಿದು ನ್ಯಾಯ ಹೇಳಿದರು. ನಮ್ಮ ಮನೆ ಎಂಟರಿಂದ ನಾಲ್ಕಕ್ಕೆ ಇಳಿಯಿತು. ಎರಡೂ ಭಾಗ ಒಂದೇ ಆದ್ದರಿಂದ ಸಣ್ಣತ್ತಿಯದು ಮೂರರಿಂದ ನಾಲ್ಕಕ್ಕೆ ಏರಿತು. ಇಡೀ ಮನೆಗೇ ನಾಲ್ಕಾದ ಮೇಲೆ ಸಾಲೆ ಹಿಡಿದದ್ದು ಮೂರು ಖೋಲಿ ಮಾತ್ರವಾದ್ದರಿಂದ, ನಮಗೆ ಬರುತ್ತಿದ್ದ ಬಾಡಿಗೆ ಮೂರಕ್ಕೆ ಇಳಿಯಿತು. ಕೊಟ್ಟ ಹೆಚ್ಚಿನ ಪಟ್ಟಿ ವಾಪಸು ಕೊಡುವ ಪದ್ಧತಿ ಮುನಸಿಪಾಲಟಿಯಲ್ಲಿ ಇಲ್ಲವೆಂದು ಕಾರಕೂನ ತಿಳಿಸಿದ. ತೆಗೆದುಕೊಳ್ಳುವ ಪದ್ಧತಿ ಮಾತ್ರ ಇತ್ತಂತೆ. ನಾನು ಗೆದ್ದೆನೋ ಸೋತೆನೋ ಎಂದು ಗಂಡ ಅವತ್ತು ರಾತ್ರಿಯೆಲ್ಲ ಬೆರಳು ಮಡಚಿ ಲೆಕ್ಕ ಹಾಕಿದರು, ಕೊನೆಗೆ ಬಿಟ್ಟುಬಿಟ್ಟರು.

ಕಚೇರಿಯಿಂದ ಮನೆಯವರೆಗೆ ಇಬ್ಬರು ಮುದುಕಿಯರೂ ಅಕ್ಕಪಕ್ಕ ನಡೆದರು, ಜಗಳವಾಡುತ್ತಲೇ. ಬುಡದ ಕಡೆಯ ಗಟ್ಟಿ ಕಟ್ಟಿಗೆ ಯಾರ ಭಾಗದ ಕಂಬಕ್ಕೆ ಹೋಯಿತು, ತುದಿಯ ಕಡೆಯದು ಯಾರಿಗೆ ಬಂತು ಎಂಬುದು ಜಗಳ. ನಾನು ಹಿಂದೆ ನಡೆಯುತ್ತಿದ್ದೆ. ಮನೆ ಬಂದರೂ ಅದು ಮುಗಿಯಲಿಲ್ಲವಾದ್ದರಿಂದ ಸಣ್ಣತ್ತಿ ಮಾತಿನ ಭರದಲ್ಲಿ ನಮ್ಮ ಹೊಸ್ತಿಲು ದಾಟಿ ಒಳಗೇ ಬಂದುಬಿಟ್ಟಳು. ಬಂದವಳು ಸುತ್ತ ನೋಡಿ, ಹುಡುಗಿಯರ ನಡುವೆ ಜಾಗ ಮಾಡಿಕೊಂಡು ಕುಳಿತು, ನೀರು ಕೇಳಿದಳು. ಅತ್ತೆ ತಾನೇ ಎದ್ದು ತಂದು ಕೊಟ್ಟಳು.

ಸಾಲೆ ನಮ್ಮಲ್ಲಿ ಇನ್ನೂ ಏಳು ವರ್ಷ ಇತ್ತು. ಮಾಸ್ತರಬಾಯಿ ಅಕ್ಕಲಕೋಟೆಯ ಕಡೆ ಬೇರೆ ಕೆಲಸ ಸಿಕ್ಕಿ ಹೋದರು, ಇನ್ನೊಬ್ಬರು ಬಂದರು. ಆ ಹೊತ್ತಿಗೆ ನನ್ನ ಹಿರಿಯ ಮಗಳಿಗೆ ಸಾಲೆಯ ವಯಸ್ಸಾಗಿತ್ತು. ಅಡುಗೆಮನೆಯಿಂದ ಒಂದು ಹೊಸ್ತಿಲು ದಾಟಿದರೆ ಅವಳ ವರ್ಗ. ಊರ ತುದಿಯಿಂದ ನಡೆದು ಬರುವ ಹುಡುಗಿಯರೆಲ್ಲ ಹೊತ್ತಿಗೆ ಸರಿಯಾಗಿ ಬಂದು ಕೂಡುತ್ತಿದ್ದರು. ತಡವಾಯಿತೆಂದು ದಿನಾಲು ಬಾಗಿಲಲ್ಲಿ ನಿಲ್ಲಿಸಿಕೊಳ್ಳುತ್ತಿದ್ದವಳು ಅವಳೊಬ್ಬಳೇ.